ಅವ್ವ ಕಲ್ಲಿನ ಹಿಂದೆ ಹೋದ ದಿನ

ನಾವು ಮುಂಬಯಿಯ ಮಲಾಡಿನ ಕಲ್ಲು ಕ್ವಾರಿಯ ಪಕ್ಕದ ಜೋಪಡಿಯಲ್ಲಿದ್ದ ಆ ವರ್ಷಗಳಲ್ಲಿ ನಮಗೆ ಊಟದ ಹೊತ್ತು ಗೊತ್ತಾಗುತ್ತಿದ್ದುದು ಗುಡ್ಡ ಸಿಡಿದಾಗ. ಸೀಟಿ ಊದಿ ಕೆಂಪು ಬಾವುಟ ಏರಿಸಿದರೆ ಹುಡುಗಿಯರೆಲ್ಲ ತಗಡಿನ ಮರೆಗೆ ಓಡಿ ಕಿವಿ ಮುಚ್ಚಿಕೊಳ್ಳುತ್ತಿದ್ದೆವು. ಢಮ್ಮೆಂದ ಮೇಲೆ, ಮದ್ದಿನ ವಾಸನೆಯ ಧೂಳಿನಲ್ಲೇ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುತ್ತಿದ್ದೆವು.

ಬಂಡೆ ಸೀಳುವಾಗ ಅಪ್ಪ ಸುತ್ತಿಗೆ ಬೀಸಿದರೆ ಉಳಿ ಹಿಡಿಯುವವಳು ಅವ್ವ. ಆ ಬಂಡೆಗಳು ಬಂದರಿಗೆ ಹೋಗುತ್ತವೆ, ಸಮುದ್ರದಲ್ಲಿ ಗೋಡೆಯಾಗುತ್ತವೆ ಎಂದು ಟ್ರಕ್ ಓಡಿಸುವ ಶಂಕರ ಕಾಕಾ ಹೇಳುತ್ತಿದ್ದ. ಅವ್ವ ನಂಬುತ್ತಿರಲಿಲ್ಲ. ವಿಜಯಪುರದ ಕಡೆಯಿಂದ ಬಂದ ಅವಳು ಮುಂಬಯಿಯಲ್ಲಿ ಏಳು ವರ್ಷವಿದ್ದೂ ಸಮುದ್ರ ಕಂಡಿರಲಿಲ್ಲ. ಕೂಲಿಗಳಿಗೆ ಕೆಲಸ ಹಂಚುವ ಮುಕಾದಮ ರಜೆ ಕೊಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವನನ್ನು ಕೇಳದೆಯೇ ನನ್ನ ಕೈ ಹಿಡಿದು ಟ್ರಕ್ ಹತ್ತಿಬಿಟ್ಟಳು. ಕೆಲಸ ಹೋದರೆ ಎಂದು ಅಪ್ಪ ಹೆದರಿದ. ನನಗೋ ಕುಣಿಯುವಷ್ಟು ಖುಷಿ.

ಬಂದರಿನ ಗೇಟಿನಲ್ಲಿ ಕಾವಲುಗಾರ ತಡೆದ. ಹೆಂಗಸರಿಗೆ, ಮಕ್ಕಳಿಗೆ ಒಳಗೆ ಏನು ಕೆಲಸ ಎಂದು ಕಾಕಾನನ್ನು ಗದರಿದ. ಅವ್ವ ಕಿಟಕಿಯಿಂದ ಬಗ್ಗಿದಳು.

"ಈ ಕಲ್ಲು ನಾ ಒಡದಿದ್ದು. ಎಲ್ಲಿ ಇಡತೀರಿ, ನೋಡಿ ಹೋಗತೇನಿ."

ಅವನಿಗೆ ಕನ್ನಡ ತಿಳಿಯಿತೋ ಇಲ್ಲವೋ, ಗೇಟು ತೆರೆಯಿತು.

ಟ್ರಕ್ ಹಿಂಭಾಗ ಎತ್ತಿತು. ಬಂಡೆಗಳು ಗುಡುಗಿನಂತೆ ಉರುಳಿದವು, ನೀರು ಆಳೆತ್ತರ ಚಿಮ್ಮಿ ನಮ್ಮನ್ನು ತೋಯಿಸಿತು. ನಾನು ಕಿರುಚಿ ಕುಣಿದೆ. ಆದರೆ ಬಂಡೆಗಳು ಮುಳುಗಿಹೋದವು. ಅವ್ವನ ಮುಖ ಸಪ್ಪಗಾಯಿತು. ಆಗ ಕಾಕಾ ದೂರಕ್ಕೆ ಕೈ ತೋರಿಸಿದ. ಅಲ್ಲಿ ಮುಗಿದ ಗೋಡೆ. ಆಚೆ ತೆರೆಗಳು ಬಡಿದು ಬೆಳ್ಳಗೆ ಒಡೆಯುತ್ತಿದ್ದವು, ಈಚೆ ದೋಣಿಗಳು ಅಲುಗದೆ ನಿಂತಿದ್ದವು.

ಅವ್ವ ಒದ್ದೆ ಸೆರಗು ಹಿಂಡುತ್ತ ಬಹಳ ಹೊತ್ತು ನೋಡಿದಳು. ಆಮೇಲೆ ನಕ್ಕಳು.

"ಇಷ್ಟ ದೊಡ್ಡ ಸಮುದ್ರ, ನಮ್ಮ ಕಲ್ಲ ಮುಂದ ನಿಂತೈತಿ ನೋಡ."

ಮುಕಾದಮ ಮೂರು ದಿನ ಕೆಲಸ ಕೊಡಲಿಲ್ಲ. ಮೂರೂ ದಿನ ಅವ್ವ ಜೋಪಡಿ ಜೋಪಡಿಗೆ ಹೋಗಿ ಸಮುದ್ರದ ಕಥೆ ಹೇಳಿದಳು. ನಾನು ಪಕ್ಕದಲ್ಲಿ ನಿಂತು ನೀರು ಚಿಮ್ಮಿದ್ದನ್ನು ಕೈಯೆತ್ತಿ ತೋರಿಸುತ್ತಿದ್ದೆ.

ಈಗ ಕ್ವಾರಿ ಮುಚ್ಚಿದೆ, ಕಲ್ಲು ತೆಗೆದ ಹಳ್ಳಕ್ಕೆ ಮಣ್ಣು ತುಂಬಿ ಬಿಲ್ಡಿಂಗ್‌ಗಳೆದ್ದಿವೆ. ಆ ಕಥೆ ಕೇಳಿದ್ದ ಮಂದಿ ಎಲ್ಲೆಲ್ಲಿಗೋ ಚದುರಿದರು. ಮೊನ್ನೆ ಮಗಳೊಂದಿಗೆ ಲಾಂಚ್ ದೋಣಿಯಲ್ಲಿ ಹೋಗುವಾಗ ಆ ಗೋಡೆ ಕಂಡಿತು. ಅದನ್ನು ನಿನ್ನ ಅಜ್ಜಿ ಕಟ್ಟಿದ್ದು ಎಂದು ಅವಳಿಗೆ ಹೇಳಿದೆ. ಕನ್ನಡ ಅರ್ಥವಾದರೂ ಅವಳು ಹಿಂದಿಯಲ್ಲೇ ಕೇಳಿದಳು: "ಅಜ್ಜಿ ಇಂಜಿನಿಯರ್ ಥೀ ಕ್ಯಾ?"

ಹೌದು, ಇಂಜಿನಿಯರ್ ಆಗಿದ್ದಳು ಎಂದೆ. ಅಲ್ಲ ಎಂದು ನನ್ನನ್ನು ತಿದ್ದಿ ನಕ್ಕು, ಆ ದಿನದ ಕಥೆಯನ್ನು ಮೊದಲಿನಿಂದ ಹೇಳಲು ಅವ್ವ ಈಗ ಇರಲಿಲ್ಲ.