ಶೇಂಗಾ ಎಣ್ಣೆ ಕುಡಿದ ಗೇರು

ರೇಖಾಳ ರಿಮೋಟ್ ಕಾರು ಕೆಟ್ಟದ್ದು ಅವಳ ಅಜ್ಜನಿಂದಲ್ಲ, ನನ್ನಿಂದ. ಮೊದಲೇ ಹೇಳಿಬಿಟ್ಟೆ, ಇನ್ನು ನೀವು ನಿಧಾನವಾಗಿ ಕೇಳಬಹುದು.

ನಿನ್ನೆ ಮಧ್ಯಾಹ್ನ ಗುಂಡಿಗಳ ಡಬ್ಬಿ ಕೆದಕುವಾಗ ಕಾಗದದ ಪೊಟ್ಟಣವೊಂದು ಸಿಕ್ಕಿತು. ಒಳಗೆ ಬಿಸ್ಕೀಟಿನಷ್ಟಗಲದ ಬಿಳಿ ನೈಲಾನ್ ಗೇರು. ಅರ್ಧ ಹಲ್ಲು ಸವೆದು ಥೇಟ್ ನನ್ನ ಬಾಯಿ. ಮೂಗಿಗೆ ಹಿಡಿದೆ: ಹಳಸಿದ ಶೇಂಗಾ ಎಣ್ಣೆ. ಆ ವಾಸನೆಯ ಹಿಂದೆಯೇ ನಮ್ಮ ರಾಯಚೂರಿನ ಮನೆಯ ಅಂಗಳ, ಬಿಳಿ ಬಿಸಿಲು, ಧೂಳಿನಲ್ಲಿ ಸುಯ್ಯೆಂದು ತಿರುಗುವ ಪುಟ್ಟ ಕಾರು, ಅದರ ಹಿಂದೆ ಮೊಣಕಾಲು ಹಿಡಿದುಕೊಂಡು ಓಡುವ ಮುದುಕ, ಎಲ್ಲ ತೇಲಿ ಬಂತು. ಗುಂಡಿ ಮರೆತು ಕುಳಿತೇ ಇದ್ದೆ.

ನಮ್ಮ ಮನೆಯವರು ಮಾನ್ವಿಯಲ್ಲಿ ಬಸ್ಸಿನ ಮೆಕ್ಯಾನಿಕ್ ಆಗಿದ್ದವರು. ಕಣ್ಣು ಮುಚ್ಚಿ ಸದ್ದು ಕೇಳಿ ಯಾವ ಗೇರು ಹೋಗಿದೆ ಎನ್ನುತ್ತಿದ್ದರು. ನಾನು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು. ಹೊಲಿಗೆ ಮಷಿನ್ ಕಿರುಗುಟ್ಟಿದರೆ ಎಣ್ಣೆ ಬಿಡುವುದು, ಅಷ್ಟೇ ನನ್ನ ವಿದ್ಯೆ.

ಮೊಮ್ಮಗಳು ರೇಖಾ ಆಗ ಕಾಲೇಜಿನಲ್ಲಿದ್ದಳು. ಪಂದ್ಯಕ್ಕೆಂದು ಆ ಕಾರು ಕಟ್ಟುತ್ತಿದ್ದಳು.

“ಅಜ್ಜಾ, ಎರಡೂ ಗೇರು ಉಕ್ಕಿಂದ ಹಾಕೂಣು.”

“ಬ್ಯಾಡವ್ವಾ. ಧೂಳ ಹೊಕ್ತಂದ್ರ ಒಂದನ್ನೊಂದು ತಿಂತಾವ. ಮೋಟರಿನ ಸಣ್ಣದು ಉಕ್ಕಿಂದಿರಲಿ, ದೊಡ್ಡದು ನೈಲಾನ್. ಒಂದು ಮೆತ್ತಗಿರಬೇಕು. ಏನರ ಸಿಕ್ಕೊಂಡ್ರ ಅದರ ಹಲ್ಲು ಹೋಗ್ತದ, ಮೋಟರ್ ಉಳೀತದ. ಮತ್ತ ಎಣ್ಣಿ ಮುಟ್ಟಿಸಬ್ಯಾಡ, ಒಣಾನ ಓಡಲಿ.”

ಎಣ್ಣೆಯ ಮಾತು ನನಗೆ ತಿಳಿದದ್ದು ಆಮೇಲೆ; ಆಗ ಒಗ್ಗರಣೆ ಸಿಡಿಯುತ್ತಿತ್ತು. ಕೇಳಿದ್ದು ‘ಒಂದು ಮೆತ್ತಗಿರಬೇಕು’ ಎಂಬುದಷ್ಟೇ. ಹಾಗೆನ್ನುವಾಗ ನನ್ನ ಕಡೆ ನೋಡಿದರು. ಮೆತ್ತಗಿನವಳು ನಾನೇ ಎಂದು ಸುಮ್ಮನೆ ಹಿಗ್ಗಿದೆ.

ಪಂದ್ಯದ ಹಿಂದಿನ ವಾರ ಕಾರು ಕಿರ್ರೆನ್ನತೊಡಗಿತು. ದಿನಾ ಅವರು ಸ್ನಾನಕ್ಕೆ ಹೋದಾಗ ಮುಚ್ಚಳದ ಸಂದಿಯಲ್ಲಿ ಅಡುಗೆಯ ಎಣ್ಣೆ ನಾಲ್ಕು ಹನಿ ಬಿಟ್ಟೆ. ಸದ್ದು ತಗ್ಗಿತು, ನಾನೂ ಮೆಕ್ಯಾನಿಕ್ ಆದೆ. ಧೂಳೆಲ್ಲ ಆ ಎಣ್ಣೆಗೆ ಅಂಟಿ ಉಸುಕಿನ ಕಾಗದದಂತೆ ಹಲ್ಲು ಉಜ್ಜುತ್ತಿದ್ದದ್ದು ಯಾರಿಗೆ ಗೊತ್ತು? ಪಂದ್ಯದ ಮೂರನೆಯ ಸುತ್ತಿಗೆ ಮೋಟಾರು ಕೂಗುತ್ತಲೇ ಇತ್ತು, ಕಾರು ನಿಂತಿತ್ತು.

“ಹೇಳಿದ್ನಿಲ್ಲಜ್ಜಾ, ಉಕ್ಕಿಂದ ಹಾಕೂಣಂತ!” ರೇಖಾ ಅತ್ತಳು.

ಅವರು ಗೇರು ಬಿಚ್ಚಿ ಬೆರಳು ಮೂಸಿದರು. ನನ್ನನ್ನು ನೋಡಿದರು.

“ಹೌದವ್ವಾ, ತಪ್ಪು ನಂದ,” ಎಂದು ಅದನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟರು.

ನಮ್ಮಿಬ್ಬರಲ್ಲಿ ಮೆತ್ತಗಿನ ಗೇರು ಯಾರೆಂದು ಆಗ ತಿಳಿಯಿತು. ಆದರೂ ನಾನು ಬಾಯಿ ಬಿಡಲಿಲ್ಲ. ಅವರು ತೀರಿಕೊಂಡು ಎರಡು ವರ್ಷ, ಆಮೇಲೂ ಬಿಡಲಿಲ್ಲ.

ರೇಖಾ ಈಗ ದೇವದುರ್ಗದಲ್ಲಿ ಯಂತ್ರಗಳ ಪಾಠ ಹೇಳುತ್ತಾಳೆ. ನಿನ್ನೆ ಸಂಜೆ ಫೋನಿನಲ್ಲಿ ನಗುತ್ತಿದ್ದಳು: “ಅಜ್ಜೀ, ನಾಳಿ ಗೇರಿನ ಪಾಠ. ಅಜ್ಜ ನೈಲಾನ್ ಹಾಕಿ ಕೆಡಿಸಿದ ಕತಿ ಹೇಳ್ತೀನಿ. ಪ್ರತಿ ವರ್ಷ ನಗ್ತಾರ ಹುಡುಗ್ರು.”

ಇವತ್ತು ಬೆಳಿಗ್ಗೆ ಮೊದಲ ಬಸ್ಸು ಹತ್ತಿದೆ. ಗಬ್ಬೂರು ದಾಟಿದರೂ ಪೊಟ್ಟಣ ಮುಷ್ಟಿಯಲ್ಲೇ ಇತ್ತು. ರೇಖಾಳ ಕ್ಲಾಸಿಗೆ ನೇರ ನಡೆದು, ಹುಡುಗರೆಲ್ಲ ನೋಡುತ್ತಿರುವಾಗ ಅವಳ ಮೇಜಿನ ಮೇಲಿಟ್ಟೆ.

“ಮೊದ್ಲ ಇದನ್ನ ಮೂಸಿ ನೋಡು,” ಎಂದೆ, “ಆಮ್ಯಾಲ ಪಾಠ ಹೇಳು.”