ಪದ್ದಿಯ ಒಣ ಕೌದಿ

ಆ ಸೋಮವಾರದ ನನ್ನ ಡೈರಿಯಲ್ಲಿ ಇಷ್ಟಿದೆ: ಕೋಣೆ ಗುಡಿಸಿದ್ದು. ಭಾವಿಯಿಂದ ಎರಡು ಕೊಡ ನೀರು. ಇಪ್ಪತ್ತಾರು ಮಕ್ಕಳ ಹಾಜರಿ. ಉಪ್ಪಿಟ್ಟು. ಐದು ಮಕ್ಕಳ ತೂಕ, ಎಂಟು ಮಕ್ಕಳ ಉಗುರು. ಒಂದು ಗಂಟೆಗೆ ಎಲ್ಲರನ್ನೂ ತಾಡಪತ್ರಿಯ ಮೇಲೆ ಮಲಗಿಸಿದ್ದು. ಕೊನೆಯ ಸಾಲಿನ ಅಕ್ಷರ ಮಾತ್ರ ಅವಸರದ್ದು: "ಪದ್ದಿಗೆ ರವಿವಾರ ಚುಟಿಗೆಯಂತೆ. ತಪ್ಪಿಸಬೇಕು."

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಚಳಿಗಾಲ ಅದು. ಆಗಿನ ಚಿಕ್ಕೋಡಿ ತಾಲೂಕಿನಲ್ಲಿ, ಅಕ್ಕೋಳದಿಂದ ನಡೆದು ಹೋಗುವಷ್ಟು ದೂರದ ಒಂದು ಸಣ್ಣ ಊರಿನಲ್ಲಿ ನಾನು ಅಂಗನವಾಡಿ ಕಾರ್ಯಕರ್ತೆ. ಕೆಲಸಕ್ಕೆ ಸೇರಿ ಮೂರನೆಯ ವರ್ಷ, ಮದುವೆಯಾಗಿರಲಿಲ್ಲ. ಊರಿಗೆಲ್ಲ ನಾನು 'ಅಕ್ಕೋರು'.

ಪದ್ಮಿನಿ, ಅಂದರೆ ನಮ್ಮ ಪದ್ದಿಗೆ ಮೂರು ವರ್ಷ ಮೂರು ತಿಂಗಳು. ಊರ ಹೊರಗಿನ ತೋಟದ ಮನೆಯವಳು, ಜೈನ ಮನೆತನ. ಅವಳ ತಾಯಿ ಸುನಂದಾ ಬಾಣಂತಿ, ಮಗ್ಗುಲಲ್ಲಿ ಇಪ್ಪತ್ತು ದಿನದ ಕೂಸು. ಹಾಗಾಗಿ ಪದ್ದಿ ಮಲಗುತ್ತಿದ್ದದ್ದು ತಂದೆಯ ತಾಯಿಯ ಹತ್ತಿರ. ಆ ಅಜ್ಜಿಯನ್ನು ಮನೆಯವರೆಲ್ಲ 'ಆಯಿ' ಎನ್ನುತ್ತಿದ್ದರು. ಪದ್ದಿ ದಿನಾ ರಾತ್ರಿ ಹಾಸಿಗೆ ತೋಯಿಸುತ್ತಿದ್ದಳು. ಬೆಳಿಗ್ಗೆ ಪೂಜೆಗೆ ಹೋಗುವ ಆಯಿಯ ಸೀರೆ, ಹಾಸಿದ ಕೌದಿ, ಎಲ್ಲ ಒದ್ದೆ. ಅದನ್ನು ನಿಲ್ಲಿಸಲು ಊರ ಮುದುಕಿಯೊಬ್ಬಳು ಚುಟಿಗೆ ಹಾಕುತ್ತೇನೆಂದು ಒಪ್ಪಿಕೊಂಡಿದ್ದಳು. ಚುಟಿಗೆ ಎಂದರೆ ಕಾಯಿಸಿದ ಬಳೆಚೂರಿನಿಂದ ಮಗುವಿನ ಹೊಟ್ಟೆಯ ಮೇಲೆ ಸುಡುವುದು. ಸುದ್ದಿ ತಂದದ್ದು ನಮ್ಮ ಸಹಾಯಕಿ ಶೇವಂತವ್ವ. ಆ ವಯಸ್ಸಿಗೆ ರಾತ್ರಿ ಹಾಸಿಗೆ ತೋಯುವುದು ರೋಗವಲ್ಲ ಎಂದು ತರಬೇತಿಯಲ್ಲಿ ಕಲಿತಿದ್ದೆ. ಆದರೆ ತರಬೇತಿಯ ಮಾತು ಹೇಳಿದರೆ ಚುಟಿಗೆ ನಿಲ್ಲುತ್ತದೆಯೇ?

ನನ್ನ ಹತ್ತಿರ ಒಂದು ಸಾಕ್ಷಿ ಇತ್ತು. ನಮ್ಮ ತಾಡಪತ್ರಿಯ ಮೇಲೆ ಪದ್ದಿ ದಿನಾ ಒಂದೂವರೆ ತಾಸು ನಿದ್ದೆ ಮಾಡುತ್ತಿದ್ದಳು. ಒಂದು ದಿನವೂ ತೋಯಿಸಿರಲಿಲ್ಲ. ಅಂದರೆ ತಪ್ಪು ಮನೆಯಲ್ಲೇ ಇದೆ! ಆ ಸಂಜೆ ಐದಕ್ಕೇ ತೋಟದ ಹಾದಿ ಹಿಡಿದೆ.

ಹೊತ್ತು ಮುಳುಗಿದ ಮೇಲೆ ಆಯಿ ಅನ್ನ ನೀರು ಮುಟ್ಟುತ್ತಿರಲಿಲ್ಲ. ಮಗುವಿಗೆ ಆ ನೇಮವನ್ನು ಯಾರೂ ಹಾಕಿರಲಿಲ್ಲ, ಆದರೆ ಪದ್ದಿ ಆಯಿಯ ನೆರಳಿನಂತಿದ್ದವಳು. ಆಯಿ ಉಂಡರೆ ಉಣ್ಣಬೇಕು, ಬಾಯಿ ತೊಳೆದರೆ ತೊಳೆಯಬೇಕು. ಅಂದೂ ಇಬ್ಬರ ಊಟ ಒಟ್ಟಿಗೇ ಮುಗಿಯಿತು. ಗೋಡೆಯ ಮೇಲಿನ ಬಿಸಿಲು ಮಾಡಿನವರೆಗೆ ಏರಿತ್ತು. ಆಯಿ ಲೋಟ ತುಂಬಿದರು.

"ಕುಡಿ ನನ್ನ ಬಂಗಾರ, ಹೊತ್ತು ಮುಳಗಾಕತ್ತೈತಿ. ಇನ್ನೊಂದು. ಮುಂಜಾನಿ ತನಕ ನೀರಿಲ್ಲ ನೋಡು."

ಒಂದಲ್ಲ, ಎರಡಲ್ಲ, ಮೂರು ಲೋಟ! ಕುಡಿದ ಪದ್ದಿ ಆಯಿಯ ತೊಡೆಯೇರಿದಳು. ಆಯಿ ಜಪಮಾಲೆ ಹಿಡಿದರು. ಆರೂವರೆಯೊಳಗೆ ಮಗುವಿಗೆ ಗಾಢ ನಿದ್ದೆ. ಬಚ್ಚಲಿಗೆ ಕರೆದೊಯ್ಯುವ ಮಾತೇ ಇಲ್ಲ.

ಸಿಕ್ಕಿಬಿಟ್ಟಿತು ಎಂದು ನನಗೆ ಕುಣಿಯುವಷ್ಟು ಹಿಗ್ಗು. ತಡೆಯಲಾಗದೆ ಹೇಳಿಯೇಬಿಟ್ಟೆ: "ಆಯೀ, ತಪ್ಪು ನಿಮ್ಮದೇ ಐತ್ರಿ! ಮೂರು ಲೋಟ ಕುಡಿಸಿ ಮಲಗಿಸಿದ್ರ ಕೂಸರ ಏನು ಮಾಡೀತ್ರಿ?"

ಆಯಿ ಮಾಲೆ ಕೆಳಗಿಟ್ಟರು. "ಮದುವ್ಯಾಗದ ಹುಡುಗಿ ನೀ, ಆರು ಹಡದಾಕಿಗೆ ಕೂಸು ಸಾಕೂದು ಕಲಸಾಕ ಬಂದೀಯೇನ? ಹಗಲೆಲ್ಲ ನಿನ್ನ ಸಾಲ್ಯಾಗ ಇರತೈತಿ. ಮನಿಗೆ ಬರೂದರಾಗ ತುಟಿ ಒಣಗಿ, ನೀರು ನೀರು ಅಂತ ಅಳತೈತಿ. ಮೊದಲ ಅದನ್ನ ಹೇಳು."

ಒಳಗಿನಿಂದ ಸುನಂದಾ ಕಿಸಕ್ಕನೆ ನಕ್ಕಳು. ನಾನು ಚಪ್ಪಲಿ ಮೆಟ್ಟಿಕೊಂಡು ಬಂದೆ.

ಮಂಗಳವಾರ ಉಳಿದ ಕೆಲಸಗಳನ್ನು ಶೇವಂತವ್ವನಿಗೆ ಬಿಟ್ಟು ಪದ್ದಿಯನ್ನೇ ನೋಡುತ್ತ ಕುಳಿತೆ. ಆಟ ಮುಗಿಸಿ ಮಕ್ಕಳೆಲ್ಲ ಕೊಡದ ಹತ್ತಿರ ಓಡಿದರು. ಪದ್ದಿಯೂ ಓಡಿದಳು. ಬಗ್ಗಿ ಕೊಡದ ಬಾಯಿ ನೋಡಿದಳು. ಹಾಗೆಯೇ ಹಿಂದಿರುಗಿದಳು. ಉಪ್ಪಿಟ್ಟು ತಿಂದ ಮೇಲೂ ಅದೇ: ಓಡಿದಳು, ನೋಡಿದಳು, ಬಂದಳು. ನಾನೇ ಲೋಟದಲ್ಲಿ ನೀರು ಹಿಡಿದುಕೊಂಡು ಹೋದೆ.

"ಯಾಕ ಪದ್ದಿ, ನೀರು ಬ್ಯಾಡೇನ?"

ಅವಳು ತಲೆ ಅಲ್ಲಾಡಿಸಿದಳು. "ಅರಿವಿ ಇಲ್ಲ."

ಕೊಡದ ಬಾಯಿಗೆ ನೀರು ಸೋಸುವ ಬಟ್ಟೆ, ಅರಿವೆ ಇಲ್ಲ! ಅವರ ಮನೆಯಲ್ಲಿ ಸೋಸದ ನೀರು ಯಾರ ಗಂಟಲಿಗೂ ಇಳಿಯುವುದಿಲ್ಲ. ಮೂರು ವರ್ಷದ ಮಗು ಅದನ್ನು ನೋಡಿ ಕಲಿತಿದೆ, ಯಾರಿಗೂ ಹೇಳದೆ ಬೆಳಗಿನಿಂದ ನಾಲ್ಕರವರೆಗೆ ಬಾಯಾರಿ ಕುಳಿತಿದೆ. ಮಧ್ಯಾಹ್ನದ ನನ್ನ ಒಣ ತಾಡಪತ್ರಿ ನನ್ನ ಜಾಣತನವಾಗಿರಲಿಲ್ಲ. ಹೊಟ್ಟೆಯಲ್ಲಿ ನೀರೇ ಇಲ್ಲದಿದ್ದರೆ ತೋಯುವುದಾದರೂ ಹೇಗೆ? ಎಂಟು ತಿಂಗಳು ಅವಳ ಹೆಸರಿನ ಮುಂದೆ ಹಾಜರಿ ಹಾಕಿದ್ದೆ. ನೀರು ಕುಡಿದಳೇ ಎಂದು ಒಮ್ಮೆಯೂ ನೋಡಿರಲಿಲ್ಲ.

ನಾಲ್ಕಕ್ಕೆ ಪದ್ದಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ತೋಟಕ್ಕೆ ಹೆಚ್ಚುಕಡಿಮೆ ಓಡಿದೆ. "ಆಯೀ, ತಪ್ಪು ನಂದೂ ಐತ್ರಿ" ಎಂದೆ. ಅವರು ಪೂರ್ತಿ ಕೇಳಿಸಿಕೊಂಡರು. ಮೊಮ್ಮಗಳ ತುಟಿಯ ಮೇಲೆ ಬೆರಳಾಡಿಸಿದರು. ಕಣ್ಣು ತುಂಬಿತು, ಆದರೆ ನಾಲಿಗೆ ಬಿಡಲಿಲ್ಲ: "'ನಂದೂ' ಅಂದ್ರ, ನನ್ನ ತಪ್ಪೂ ಐತಿ ಅಂತ ಈಗೂ ಬಿಡವಲ್ಲಿ ನೋಡು ನೀ."

ಬುಧವಾರ ಒಂಬತ್ತೂವರೆಗೆ ಆಯಿಯೇ ಅಂಗನವಾಡಿಗೆ ಬಂದರು. ಕೈಯಲ್ಲಿ ಒಗೆದು ಮೆತ್ತಗಾದ ಬಿಳಿ ಸೀರೆಯ ತುಂಡು. ಎರಡು ಪದರ ಮಾಡಿ ಕೊಡದ ಬಾಯಿಗೆ ಹಾಸಿ ಶೇವಂತವ್ವನಿಗೆ ಪಾಠ ಹೇಳಿದರು: "ಸೋಸಿದ ಮ್ಯಾಲ ಅರಿವಿ ಹಿಂಡಬ್ಯಾಡ. ಅದರೊಳಗಿನ ಜೀವ ತಿರಗಿ ಭಾವಿಗೇ ಹೋಗಬೇಕು."

"ಅಯ್ಯ, ಹುಳಕ್ಕೂ ಮನಿಗೆ ಮುಟ್ಟಿಸಿ ಬರಬೇಕೇನ್ರಿ?" ಎಂದಳು ಶೇವಂತವ್ವ. ಬೈದುಕೊಳ್ಳುತ್ತಲೇ ಅಂದಿನಿಂದ ತಪ್ಪದೆ ಮಾಡಿದಳು.

ಅರಿವೆ ನೋಡಿದ್ದೇ ಪದ್ದಿ ಗಟಗಟ ಕುಡಿದಳು. ನಾಲ್ಕು ಗಂಟೆಯೊಳಗೆ ಐದು ಸಲ, ಎಲ್ಲ ಬರೆದಿಟ್ಟೆ. ಸಂಜೆಗೆ ಆಯಿ ಒಪ್ಪಿದ್ದು ಎರಡು ಮಾತು: ಹೊತ್ತು ಮುಳುಗುವ ಮೊದಲು ಒಂದೇ ಸಣ್ಣ ಲೋಟ, ನಿದ್ದೆಗೆ ಮೊದಲು ಬಚ್ಚಲು.

ಗುರುವಾರ ಬೆಳಿಗ್ಗೆ ಕೌದಿ ಮತ್ತೆ ಒದ್ದೆ. ನನ್ನ ಮುಖ ಬಾಡಿತು. ರವಿವಾರಕ್ಕೆ ಮೂರೇ ದಿನ. "ಚುಟಿಗಿ ಮುದುಕಿಗೆ ಹೇಳಿ ಇಟ್ಟೇನಿ. ರವಿವಾರ ತನಕ ನೋಡೂಣು" ಎಂದು ಆಯಿ ಹೇಳಿ ಕಳಿಸಿದರು. ಅಷ್ಟು ಗಡುವು ಸಾಕೇ?

ಶುಕ್ರವಾರ ಹಾಜರಿ ಕರೆಯುತ್ತಿದ್ದೆ. ಬಾಗಿಲಲ್ಲಿ ಆಯಿ! ಏದುಸಿರು, ಹೆಗಲ ಮೇಲೆ ಕೌದಿ, ಹಿಂದೆ ಕುಣಿಯುತ್ತ ಪದ್ದಿ.

"ಅಕ್ಕೋರ, ಮುಟ್ಟಿ ನೋಡು! ಎಲ್ಲಿ ಬೇಕಾದಲ್ಲಿ ಮುಟ್ಟು!"

ಮುಟ್ಟಿದೆ. ಮಗ್ಗುಲು ಬದಲಿಸಿ ಮುಟ್ಟಿದೆ. ಬಿಸಿಲಿಗೆ ಹಾಕಿದ್ದಂತೆ ಒಣಗಿತ್ತು! ಶೇವಂತವ್ವ ಮೂಸಿಯೂ ನೋಡಿದಳು. ಏನೆಂದು ತಿಳಿಯದ ಇಪ್ಪತ್ತೈದು ಮಕ್ಕಳೂ ಸಾಲು ಹಚ್ಚಿ ಕೌದಿ ಮುಟ್ಟಿ ಚಪ್ಪಾಳೆ ತಟ್ಟಿದರು. ಪದ್ದಿ ಮದುಮಗಳಂತೆ ನಿಂತಿದ್ದಳು. ಆಯಿ, ನನಗೆ ಪಾಠ ಹೇಳಿದ್ದ ಆರು ಹಡೆದ ಆಯಿ, ನನ್ನ ಎರಡೂ ಕೆನ್ನೆ ಸವರಿ ನೆಟಿಗೆ ಮುರಿದರು.

ಶನಿವಾರವೂ ಒಣ, ರವಿವಾರವೂ ಒಣ. ಚುಟಿಗೆಯ ಮುದುಕಿ ಬಂದಾಗ ಆಯಿ ಅಂಗಳದಲ್ಲೇ ಕೂರಿಸಿ ರೊಟ್ಟಿ ಕೊಟ್ಟು ಕಳಿಸಿದರು. ಆಮೇಲೂ ಪದ್ದಿ ಆಗೀಗ ತೋಯಿಸಿದ್ದುಂಟು, ಆದರೆ ಬಳೆಚೂರಿನ ಮಾತು ಆ ಮನೆಯಲ್ಲಿ ಮತ್ತೆ ಏಳಲಿಲ್ಲ. ಮಗುವಿನ ರಾತ್ರಿಯ ತೊಂದರೆಯನ್ನು ಹಗಲಿನಲ್ಲಿ ಹುಡುಕಬೇಕು, ಅದೂ ಮೊದಲು ನನ್ನ ಕೈಯಲ್ಲಿರುವ ಹಗಲಿನಲ್ಲಿ ಎಂಬುದನ್ನು ಕೆಲಸ ನನಗೆ ಕಲಿಸಿದ್ದು ಆ ವಾರ. ಅಂದಿನಿಂದ ಯಾವ ಊರಿನ ಅಂಗನವಾಡಿಗೆ ಹೋದರೂ ಹೊಸ ಮಗು ಸೇರಿದರೆ ನಾನು ಮೊದಲು ನೋಡುವುದು ಅದು ನೀರು ಕುಡಿಯುತ್ತದೆಯೇ ಎಂದು.

ಆ ರವಿವಾರ ಸಂಜೆ ತೋಟದ ಮನೆಯಲ್ಲಿ ನನಗೂ ಊಟ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಬೆಳ್ಳುಳ್ಳಿಯಿಲ್ಲದ ಶೇಂಗಾ ಚಟ್ನಿ, ಗಟ್ಟಿ ಮೊಸರು. ಬಿಸಿಲು ಮಾಡಿಗೇರುವ ಮೊದಲೇ ಎಲ್ಲರ ಕೈ ತೊಳೆದಾಗಿತ್ತು. ಪದ್ದಿ ತನ್ನ ಸಣ್ಣ ಲೋಟ ಮುಗಿಸಿ ತೊಡೆಯೇರಿದಳು. ಆಯಿ ಮಾಲೆ ಹಿಡಿದರು. ವಾರದ ಓಡಾಟವೋ ಏನೋ, ಮೊದಲು ನಿದ್ದೆ ಹೋದವರು ಆಯಿಯೇ. ಪದ್ದಿ ಅವರ ಗದ್ದ ಹಿಡಿದು ಜೋರಾಗಿ ಅಲುಗಾಡಿಸಿದಳು.

"ಆಯೀ, ಏಳ! ಒಂದಕ್ಕ!"