ಆಂಟೆನಾ ಇರುವ ಅಡಾಪ್ಟರ್

ನನ್ನ ಹೆಂಡತಿ ಹರಿಹರದ ನಮ್ಮ ಬಾಡಿಗೆ ಮನೆಯಲ್ಲೇ ಕುಳಿತು, ಪ್ರತಿ ಸಂಜೆ ಏಳಕ್ಕೆ ಬೇರೆ ಊರುಗಳ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ನೆಟ್ ಮೇಲಿನ ಮನೆಯ ಮಾಲೀಕರದು, ಬಾಡಿಗೆಯಲ್ಲೇ ಸೇರಿತ್ತು. ಕೆಳಗೆ ಮೊಬೈಲ್ ಸಿಗ್ನಲ್ ಮಾತಿಗೆ ಸಾಕಾಗುತ್ತಿತ್ತು, ಪಾಠಕ್ಕಲ್ಲ. ಹಳೆಯ ಲ್ಯಾಪ್‌ಟಾಪಿನ ವೈಫೈ ಕೈಕೊಟ್ಟು ಎರಡು ಕ್ಲಾಸ್ ಅರ್ಧಕ್ಕೇ ನಿಂತಿದ್ದವು. ಇನ್ನೊಂದು ತಪ್ಪಿದರೆ ಮಕ್ಕಳನ್ನು ಬೇರೆಯವರಿಗೆ ವಹಿಸುತ್ತೇವೆ ಎಂದು ಪಾಠ ನಡೆಸುವ ಕಂಪನಿಯವರು ಹೇಳಿದ್ದರು.

ನಾನು ದಾವಣಗೆರೆಯ ಪತ್ರಿಕೆಯೊಂದರ ಸುದ್ದಿಮನೆಯಲ್ಲಿದ್ದೇನೆ. ವಾರದ ರಜೆಯ ದಿನ ಲ್ಯಾಪ್‌ಟಾಪ್ ಹೊತ್ತು ಅದೇ ಊರಿಗೆ ಬಸ್ ಹತ್ತಿದೆ. ಕಂಪ್ಯೂಟರ್ ಅಂಗಡಿಯವನು ವೈಫೈ ಹಿಡಿಯುವ ಎರಡು ಅಡಾಪ್ಟರ್ ತೆಗೆದಿಟ್ಟ. ಒಂದು ಉಗುರಿನಷ್ಟು, ಇನ್ನೊಂದಕ್ಕೆ ಗೇಣುದ್ದದ ಆಂಟೆನಾ.

"ರೂಟರ್ ಎಲ್ಲೈತೆ ಸಾರ್?"

"ಮೇಲಿನ ಮನೇಲಿ."

"ಹಂಗಾರೆ ಸಣ್ಣದು ಬ್ಯಾಡ. ನೋಡಾಕ ಚೆಂದ ಅಷ್ಟೆ. ಗೋಡೆ ಅಡ್ಡ ಬಂತಂದ್ರೆ ಹೊಸ ಅಳಿಯನಂಗೆ ಮುನಿಸ್ಕೊಂಡು ಕುಂದ್ರತೈತೆ."

ಪಕ್ಕದ ಅಂಗಡಿಯಲ್ಲೂ ವಿಚಾರಿಸಿದೆ, ಅದನ್ನೇ ಹೇಳಿದರು. ಹಿಂತಿರುಗಿ ಆಂಟೆನಾದ್ದನ್ನೇ ಕೊಂಡೆ. ಅಂಗಡಿಯವನೇ ಹಾಕಿ, ತನ್ನ ನೆಟ್‌ಗೆ ಸೇರಿಸಿ ತೋರಿಸಿದ.

ಮನೆಗೆ ಬಂದಾಗ ಆರು ಗಂಟೆ. ಮೊದಲು ಎರಡೋ ಮೂರೋ ವೈಫೈ ಹೆಸರು ಕಾಣುತ್ತಿದ್ದ ಪರದೆಯ ಮೇಲೆ ಈಗ ಇಡೀ ಓಣಿಯೇ ಬಂದಿತ್ತು. ದೇವರ ಹೆಸರು, ಮಗಳ ಹೆಸರು, 'ಪಾಸ್‌ವರ್ಡ್ ಕೇಳಬೇಡಿ' ಎಂಬುದೂ ಒಂದು. ಎಲ್ಲದರ ಮುಂದೆಯೂ ಬೀಗದ ಗುರುತು. ಮಾಲೀಕರದು ಮಾತ್ರ ಇರಲಿಲ್ಲ.

ಮೇಲೆ ಹೋದೆ. ಮಾಲೀಕರ ಹೆಂಡತಿ ಬಾಗಿಲು ತೆರೆದರು.

"ಬರ್ರಿ, ಕೂಡ್ರಿ. ನೆಟ್ಟಾ? ಮಗಳ ಪರೀಕ್ಷೆ ಬಂತಲ್ರಿ, ಯಾವಾಗ ನೋಡಿದ್ರೂ ಮೊಬೈಲು. ಅದಕ್ಕ ಅವರಪ್ಪ ಆ ಡಬ್ಬೀನೇ ಕಿತ್ತು ಬೀರುವಿನಾಗಿಟ್ಟು, ಕೀಲಿಕೈ ಜೇಬಿಗೆ ಹಾಕ್ಕೊಂಡು ಊರಿಗೆ ಹೋಗ್ಯಾರೆ."

"ಯಾವಾಗ ಬರ್ತಾರೆ?"

"ನಾಳೆ ಬರ್ತಾರೆ. ಬಂದ್ರೂ ತೆಗಿಯಂಗಿಲ್ರಿ, ಪರೀಕ್ಷೆ ಮುಗಿಬೇಕು. ಚಾ ಕುಡೀತೀರಾ?"

ಕೆಳಗಿಳಿದು ಹೆಂಡತಿಗೆ ಹೇಳಿದೆ. ಅವಳು ಫೋನಿನ ಡೇಟಾದಲ್ಲಿ ಕ್ಲಾಸ್ ತೆರೆಯಲು ನೋಡಿದಳು. ತನ್ನದೇ ಮುಖ ಅರ್ಧ ಮೂಡಿ ಅಲ್ಲೇ ನಿಂತಿತು. ಅಕ್ಕಪಕ್ಕದವರನ್ನು ಕೇಳಿ ಬರುತ್ತೇನೆಂದು ನಾನು ಚಪ್ಪಲಿ ಮೆಟ್ಟಿದೆ. ಎದುರು ಮನೆಗೆ ಬೀಗ ಹಾಕಿತ್ತು. ಪಕ್ಕದ ಮನೆಯವರು ಪಾಸ್‌ವರ್ಡ್ ಮಗನಿಗೆ ಮಾತ್ರ ಗೊತ್ತು, ಅವನು ಡ್ಯೂಟಿಯಲ್ಲಿದ್ದಾನೆ ಎಂದರು.

ವಾಪಸು ಬಂದಾಗ ಏಳು ದಾಟಿತ್ತು. ಅವಳು ಯಾವುದೋ ಮಗುವಿನ ತಾಯಿಯೊಂದಿಗೆ ಫೋನಿನಲ್ಲಿದ್ದಳು. ಆ ಕಡೆಯ ದನಿ ನನಗೂ ಕೇಳುತ್ತಿತ್ತು.

"ಕ್ಲಾಸಿಗೆ ಬೇರೆ ಮೇಡಂ ಬಂದಿದಾರೆ. ನಮ್ಮ ಹುಡುಗಿ ನೀವೇ ಬೇಕು ಅಂತಾಳೆ."

"ಅವರ ಹತ್ರಾನೇ ಕಲೀಲಿ ಬಿಡ್ರಿ," ಎಂದಳು ಇವಳು. "ಚೆನ್ನಾಗಿ ಹೇಳ್ತಾರೆ."

ಆ ಮೇಡಂ ಯಾರೆಂಬುದು ಅವಳಿಗೆ ಗೊತ್ತಿರಲಿಲ್ಲ.